ಶಾಲಾಮಂಡಲದ ದಾಯವಿಭಾಗ: ಮೆಂಫಿಸ್ ನಗರದ ವಿವಾದ

‘ಶೈಕ್ಷಣಿಕ ಜಿಲ್ಲೆ’ ಎಂಬ ಮಾತು ನಮ್ಮ ನಾಡಿನಲ್ಲಿ ಅಪರಿಚಿತವಾದುದಲ್ಲ. ಬೆಳಗಾವಿ ಜಿಲ್ಲೆಯೊಳಗೆ ಚಿಕ್ಕೋಡಿಯೂ, ಉತ್ತರ ಕನ್ನಡದೊಳಗೆ ಶಿರಸಿಯೂ, ತುಮಕೂರು ಜಿಲ್ಲೆಯೊಳಗೆ ಮಧುಗಿರಿಯೂ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳೆನಿಸಿವೆ. ಇಂತಹ ವಿಭಾಗವಾದಾಗ ಕಡತಗಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಸಾಗುವುವಲ್ಲದೆ ಹಣದ ಮೂಲವು ಬದಲಾಗುವುದಿಲ್ಲ. ಸರಕಾರಿ ಶಾಲೆಯ ಉಪಾಧ್ಯಾಯರ ವೇತನವು ಆಚೆಗೂ ಈಚೆಗೂ ರಾಜ್ಯದ ಬೊಕ್ಕಸದಿಂದಲೇ ಬರತಕ್ಕದ್ದು. ಆದುದರಿಂದ, ಒಂದು ಶಾಲಾಮಂಡಲವನ್ನು ಒಡೆಯಬೇಕೆ ಬೇಡವೆ ಎಂಬ ವಿಷಯದಲ್ಲಿ ಒಂದು ಊರಿನ ಜನರು ಹಲವು ವರ್ಷ ನ್ಯಾಯಸ್ಥಾನದಲ್ಲಿ ಹೋರಾಡಿದರೆಂದರೆ, ಮೂರು ಸಲ ಜನಮತಗಣನೆ ನಡೆಯಿತೆಂದರೆ, ನಮ್ಮ ವಾಚಕರಿಗೆ ಸೋಜಿಗವಾದೀತು. ಆ ಸೋಜಿಗವನ್ನು ಪರಿಹರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಶಾಲಾಮಂಡಲವೆಂದರೆ ಕಚೇರಿಯ ಹೆಸರಲ್ಲ, ಬಹುಮಟ್ಟಿಗೆ ಒಂದು ಚಿಕ್ಕ ಸಂಸ್ಥಾನದ ಹೆಸರು. ಅದಕ್ಕೆ ನಿಶ್ಚಿತವಾದ ಎಲ್ಲೆಯುಂಟು, ಸಾಮಾನ್ಯವಾಗಿ ಜನರಿಂದ ಆರಿಸಲ್ಪಟ್ಟ ಶಾಲಾಸಭೆಯುಂಟು, ತನ್ನದೇ ಆದ ಆಯವ್ಯಯವುಂಟು. ಅನೇಕ ರಾಜ್ಯಗಳಲ್ಲಿ ತೆರಿಗೆಯನ್ನು ವಿಧಿಸುವ ಅಧಿಕಾರವೂ ಅದಕ್ಕುಂಟು. ಇಂತಹ ಮಂಡಲಗಳು ಆ ದೇಶದಲ್ಲಿ ಇಂದು ಸುಮಾರು ೧೩,೦೦೦ ಇವೆ. ಹವಾಯಿ ರಾಜ್ಯವೊಂದರಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ ಮಂಡಲ. ಶಾಲೆಗಳಿಗೆ ಹಣವು ಮೂರು ಕಾಲುವೆಗಳಿಂದ ಹರಿದು ಬರುತ್ತದೆ: ಸ್ಥಳೀಯ ತೆರಿಗೆ, ರಾಜ್ಯದ ಸಹಾಯ, ಒಕ್ಕೂಟ ಸರಕಾರದ ಸಹಾಯ. ಇವುಗಳಲ್ಲಿ ಒಕ್ಕೂಟದ ಪಾಲು ಅಲ್ಪ. ಸ್ಥಳೀಯ ಪಾಲಿನ ಮುಖ್ಯಭಾಗವು ಮನೆ, ಅಂಗಡಿ, ಕಾರ್ಖಾನೆ, ನಿವೇಶನಗಳ ಬೆಲೆಯ ಮೇಲೆ ಹಾಕುವ ಸ್ಥಿರಾಸ್ತಿಯ ತೆರಿಗೆಯಿಂದ ಒದಗತಕ್ಕದ್ದು. ಎಲ್ಲೆಯ ಗೆರೆಯು ನಕ್ಷೆಯ ಮೇಲೆ ಒಂದು ಅಂಗುಲ ಸರಿದರೆ ಒಂದು ಅಂಗಡಿಬೀದಿಯೇ ಒಬ್ಬರ ಬೊಕ್ಕಸದಿಂದ ಇನ್ನೊಬ್ಬರ ಬೊಕ್ಕಸಕ್ಕೆ ಹೋದಂತಾಗುತ್ತದೆ. ವಿವಾದದ ಬೇರು ಇಲ್ಲಿಯೇ ಇದೆ.

ಇದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಟೆಕ್ಸಸ್ ರಾಜ್ಯದ ಸಾನ್ ಆಂಟೋನಿಯೊ ನಗರದ ಉದಾಹರಣೆಯು ಪ್ರಸಿದ್ಧವಾಗಿದೆ. ಆ ಒಂದೇ ಊರಿನ ಸೀಮೆಯಲ್ಲಿ ಎಜ್‌ವುಡ್, ಅಲಾಮೊ ಹೈಟ್ಸ್ ಎಂಬ ಎರಡು ಶಾಲಾಮಂಡಲಗಳಿದ್ದುವು. ೧೯೬೭–೬೮ನೆಯ ಸಾಲಿನ ಲೆಕ್ಕವು ಹೀಗಿದೆ. ಎಜ್‌ವುಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಬೀಳುವ ಆಸ್ತಿಯ ಬೆಲೆ ೫,೯೬೦ ಡಾಲರು. ಅಲಾಮೊ ಹೈಟ್ಸಿನಲ್ಲಿ ೪೯,೦೦೦ಕ್ಕೂ ಮಿಗಿಲು. ಎಜ್‌ವುಡ್ಡಿನ ಬಡವರು ನೂರು ಡಾಲರಿನ ಆಸ್ತಿಗೆ ೧ ಡಾಲರು ೫ ಸೆಂಟುಗಳಂತೆ ತೆರಿಗೆ ಕೊಟ್ಟರು. ರಾಜ್ಯದ ಕನಿಷ್ಠ ಯೋಜನೆಗೆ ಸಲ್ಲತಕ್ಕ ಕಡ್ಡಾಯದ ಪಾಲನ್ನು ಕಳೆದು ಅವರ ಮಕ್ಕಳಿಗೆ ತಲೆಗೆ ಉಳಿದದ್ದು ೨೬ ಡಾಲರು. ಅಲಾಮೊ ಹೈಟ್ಸಿನವರು ನೂರಕ್ಕೆ ೮೫ ಸೆಂಟುಗಳನ್ನು ಮಾತ್ರ ಕೊಟ್ಟರು. ಅವರ ಮಕ್ಕಳಿಗೆ ಉಳಿದದ್ದು ೩೩೩ ಡಾಲರು. ರಾಜ್ಯ ಮತ್ತು ಒಕ್ಕೂಟಗಳ ಸಹಾಯವು ಕೂಡಿದ ಮೇಲೂ ಒಂದು ಕಡೆ ೩೫೬, ಇನ್ನೊಂದು ಕಡೆ ೫೯೪ ಆಯಿತು. ಹೆಚ್ಚು ತೆತ್ತವನಿಗೆ ಕಡಿಮೆ ದೊರೆಯಿತು. ಕಡಿಮೆ ತೆತ್ತವನಿಗೆ ಹೆಚ್ಚು ದೊರೆಯಿತು. ಎಜ್‌ವುಡ್ಡಿನ ಪೋಷಕರು ತಂದ ವ್ಯಾಜ್ಯವು ಆ ದೇಶದ ಪರಮೋಚ್ಚ ನ್ಯಾಯಸ್ಥಾನದವರೆಗೆ ಹೋಯಿತು. ೧೯೭೩ರಲ್ಲಿ ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ ನ್ಯಾಯಾಧೀಶರು ತೀರ್ಪಿತ್ತರು. ವಿದ್ಯೆಯು ಆ ದೇಶದ ರಾಜ್ಯಘಟನೆಯಲ್ಲಿ ಹೇಳಲ್ಪಟ್ಟ ಮೂಲಭೂತ ಹಕ್ಕಲ್ಲವಾದುದರಿಂದ ಈ ಪದ್ಧತಿಯನ್ನು ಒಕ್ಕೂಟದ ನ್ಯಾಯಸ್ಥಾನವು ರದ್ದುಮಾಡಲಾರದೆಂಬುದು ಬಹುಮತದವರ ಸಿದ್ಧಾಂತ. ಅನಂತರ ೧೯೮೯ರಲ್ಲಿ ಟೆಕ್ಸಸಿನ ನ್ಯಾಯಸ್ಥಾನವೇ ತನ್ನ ರಾಜ್ಯದ ಘಟನೆಯನ್ನು ಆಧರಿಸಿ ಆ ಪದ್ಧತಿಯನ್ನು ಅಸಿಂಧುವೆಂದು ಸಾರಿತು.

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಶಾಲೆಗಾಗಿ ಊರವರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳುವ ಸಂಪ್ರದಾಯವು ನಮಗೂ ಹೊಸದಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. ೯೪೫ರ ಸಾಲೋಟಗಿಯ ಶಾಸನದಲ್ಲಿ, ಅಲ್ಲಿನ ವಿದ್ಯಾಶಾಲೆಗೆ ಭೂಮಿಯನ್ನು ಬಿಟ್ಟದ್ದಲ್ಲದೆ, ವಿವಾಹಕ್ಕೆ ಇಂತಿಷ್ಟು, ಉಪನಯನಕ್ಕೆ ಅದರಲ್ಲಿ ಅರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ ಎಂದು ಊರವರು ಕೊಡತಕ್ಕ ಹಣವು ಹೇಳಲ್ಪಟ್ಟಿದೆ. ಆದರೆ ಅಲ್ಲಿ ಓದುತ್ತಿದ್ದವರು ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು. ತೆರುವವರು ಒಬ್ಬರು, ಓದುವವರು ಇನ್ನೊಬ್ಬರು. ಆ ಊರವರು ಅದನ್ನು ಪುಣ್ಯವೆಂದೆಣಿಸಿದರು. ನಾವು ಇಲ್ಲಿ ವಿವೇಚಿಸುವ ವಿವಾದದಲ್ಲಿ ‘ನಾವು ತೆತ್ತದ್ದು ನಮ್ಮ ಮಕ್ಕಳಿಗೇ’ ಎಂಬುದು ಆದಿಯಿಂದ ಅಂತ್ಯದವರೆಗೆ ಕೇಳಿಬರುವ ಮಾತು.

ಇನ್ನು ಪ್ರಕೃತಕ್ಕೆ ಬರೋಣ. ಟೆನೆಸೀ ರಾಜ್ಯದ ನೈಋತ್ಯ ಮೂಲೆಯಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲೆ, ಹತ್ತಿಯ ವ್ಯಾಪಾರದಿಂದ ಬೆಳೆದ ಮೆಂಫಿಸ್ ನಗರವಿದೆ. ಅದು ಶೆಲ್ಬಿ ಕೌಂಟಿಯೊಳಗಿನದು. ಕೌಂಟಿಯೆಂದರೆ ನಮ್ಮ ಜಿಲ್ಲೆಯನ್ನು ಹೋಲುವ ವಿಭಾಗ. ೧೮೬೯ರಲ್ಲಿ ರಾಜ್ಯದ ಶಾಸನಸಭೆಯು ಕೊಟ್ಟ ಸನ್ನದಿನಿಂದ ಮೆಂಫಿಸಿನ ಶಾಲೆಗಳು ಪ್ರತ್ಯೇಕ ಮಂಡಲವಾದುವು. ನಗರದ ಹೊರಗಣ ಊರುಗಳ ಶಾಲೆಗಳು ಕೌಂಟಿಯ ಮಂಡಲಕ್ಕೆ ಸೇರಿದ್ದುವು. ೨೦೧೦ರ ಸುಮಾರಿಗೆ ನಗರಮಂಡಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು, ಕೌಂಟಿಮಂಡಲದಲ್ಲಿ ಸುಮಾರು ೪೭,೦೦೦ ಮಕ್ಕಳು ಓದುತ್ತಿದ್ದರು. ನಗರದ ಶಾಲೆಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಅಧಿಕವಾಗಿ ಕಪ್ಪುವರ್ಣದವರ ಮಕ್ಕಳಿದ್ದರು, ಅವರಲ್ಲಿ ಬಹುಮಂದಿ ಬಡವರು. ಹೊರಗಣ ಊರುಗಳಲ್ಲಿ ಬಿಳಿಯರೂ ಅನುಕೂಲಸ್ಥರೂ ಹೆಚ್ಚು.

ಈ ಭೇದವು ತಾನಾಗಿ ಹುಟ್ಟಿದುದಲ್ಲ. ಬಿಳಿಯರಿಗೂ ಕಪ್ಪುವರ್ಣದವರಿಗೂ ಬೇರೆಬೇರೆ ಶಾಲೆಗಳನ್ನಿಡುವುದು ಅನ್ಯಾಯವೆಂದು ಪರಮೋಚ್ಚ ನ್ಯಾಯಸ್ಥಾನವು ೧೯೫೪ರಲ್ಲಿಯೇ ಸಾರಿದ್ದರೂ, ಮೆಂಫಿಸಿನಲ್ಲಿ ಕಪ್ಪುವರ್ಣದ ಮಕ್ಕಳು ಬಿಳಿಯರ ಶಾಲೆಗಳ ಹೊಸ್ತಿಲನ್ನು ಮೊದಲು ದಾಟಿದ್ದು ೧೯೬೧ನೆಯ ಅಕ್ಟೋಬರ್ ೩ರಂದು. ಒಂದನೆಯ ತರಗತಿಯ ಹದಿಮೂರು ಎಳೆಯರು, ನಾಲ್ಕು ಶಾಲೆಗಳು. ೧೯೭೩ರಲ್ಲಿ ನ್ಯಾಯಸ್ಥಾನದ ಆಜ್ಞೆಯಂತೆ ಮಕ್ಕಳನ್ನು ಬಸ್ಸುಗಳಲ್ಲಿ ಒಂದು ಕೇರಿಯಿಂದ ಇನ್ನೊಂದು ಕೇರಿಯ ಶಾಲೆಗೆ ಕೊಂಡೊಯ್ಯಲಾರಂಭಿಸಿದೊಡನೆ ಸಾವಿರಾರು ಬಿಳಿಯ ಕುಟುಂಬಗಳು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಸೇರಿಸಿದುವು, ಇಲ್ಲವೆ ನಗರದ ಎಲ್ಲೆಯನ್ನು ಬಿಟ್ಟು ಹೊರಗೆ ನೆಲಸಿದುವು. ೧೯೭೪ರಲ್ಲಿ ಡೆಟ್ರಾಯಿಟ್ ನಗರದ ವ್ಯಾಜ್ಯದಲ್ಲಿ ಪರಮೋಚ್ಚ ನ್ಯಾಯಸ್ಥಾನವು, ನಗರದ ಶಾಲೆಗಳ ದೋಷವನ್ನು ತಿದ್ದುವುದಕ್ಕಾಗಿ ತಪ್ಪಿಲ್ಲದ ಹೊರಮಂಡಲಗಳನ್ನು ಎಳೆದುತರಕೂಡದೆಂದು ನಿರ್ಣಯಿಸಿತು. ಆ ಮೇಲೆ ಮಂಡಲದ ಎಲ್ಲೆಯು ಕೋಟೆಯ ಗೋಡೆಯಂತಾಯಿತು. ಅದಕ್ಕೆ ಎರಡು ವರ್ಷ ಮೊದಲು, ೧೯೭೨ರಲ್ಲಿ, ವರ್ಜೀನಿಯದ ಎಂಪೋರಿಯ ಎಂಬ ಊರು ತನ್ನ ಕೌಂಟಿಯ ಶಾಲೆಗಳಿಂದ ಬೇರೆಯಾಗಲು ಹೊರಟಾಗ, ವರ್ಣಭೇದನಿವಾರಣೆಗೆ ಅಡ್ಡಿಯಾಗುವ ವಿಭಾಗವು ಸಲ್ಲದೆಂದು ಅದೇ ನ್ಯಾಯಸ್ಥಾನವು ತಡೆದಿತ್ತು. ಎರಡು ತೀರ್ಪುಗಳಿಗೂ ಬಹುಮತವು ಐದಕ್ಕೆ ನಾಲ್ಕೇ.

ಹಣದ ಹಂಚಿಕೆಯಲ್ಲಿ ಟೆನೆಸೀಯ ವಿಶೇಷವೊಂದುಂಟು. ಅಲ್ಲಿ ಕೌಂಟಿಯು ಶಾಲೆಗಳಿಗೆಂದು ಎತ್ತುವ ತೆರಿಗೆಯನ್ನು ಆ ಕೌಂಟಿಯೊಳಗಿನ ಎಲ್ಲ ಮಂಡಲಗಳಿಗೂ ಮಕ್ಕಳ ಸರಾಸರಿ ಹಾಜರಿಗೆ ಅನುಸಾರವಾಗಿ ಹಂಚಬೇಕು. ಆದುದರಿಂದ ಹೊರಗಣ ಊರುಗಳ ಸಿರಿವಂತರ ತೆರಿಗೆಯಲ್ಲಿಯೂ ನಗರದ ಮಕ್ಕಳಿಗೆ ಪಾಲು ಬರುತ್ತಿತ್ತು. ಅಲ್ಲದೆ ಮೆಂಫಿಸಿನ ನಿವಾಸಿಗಳು ಕೌಂಟಿಗೊಮ್ಮೆ ನಗರಕ್ಕೊಮ್ಮೆ ಎರಡು ಸಲ ಶಾಲೆಗಾಗಿ ತೆರುತ್ತಿದ್ದರು. ೨೦೦೮ರಲ್ಲಿ ನಗರಸಭೆಯು ತಾನು ಕೊಡುತ್ತಿದ್ದ ಹಣವನ್ನು ಬಹಳವಾಗಿ ಕಡಿತಗೊಳಿಸಿತು. ಮಂಡಲವು ನ್ಯಾಯಸ್ಥಾನಕ್ಕೆ ಹೋಗಿ ಗೆದ್ದಿತು. ಒಂದೇ ನಗರದ ಎರಡು ಸಭೆಗಳು ಪರಸ್ಪರ ವ್ಯಾಜ್ಯವಾಡಿದ್ದರಿಂದ ಲಾಭವಾದದ್ದು ಯಾರಿಗೆಂಬುದನ್ನು ನಾನು ಬರೆಯಬೇಕಾಗಿಲ್ಲ.

ವಿವಾದದ ಕಿಡಿ ಹತ್ತಿದ್ದು ೨೦೧೦ರ ನವೆಂಬರಿನಲ್ಲಿ. ಆ ತಿಂಗಳ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷವು ರಾಜ್ಯದ ಶಾಸನಸಭೆಯಲ್ಲಿ ಪ್ರಬಲವಾಯಿತು. ಕೌಂಟಿಯ ಶಾಲಾಸಭೆಯ ಅಧ್ಯಕ್ಷ ಡೇವಿಡ್ ಪಿಕ್ಲರರು ತಮ್ಮ ಮಂಡಲವನ್ನು ‘ವಿಶೇಷ ಶಾಲಾಮಂಡಲ’ವಾಗಿ ಮಾಡಿಸಿಕೊಳ್ಳಬೇಕೆಂದು ಬಹುಕಾಲದಿಂದ ಬಯಸಿದ್ದರು. ನಗರವು ತನ್ನ ಸೀಮೆಯನ್ನು ವಿಸ್ತರಿಸಿದಂತೆಲ್ಲ ಕೌಂಟಿಯ ಶಾಲೆಗಳು ಒಂದೊಂದಾಗಿ ನಗರಮಂಡಲಕ್ಕೆ ಹೋಗುತ್ತಿದ್ದುವು. ಇದನ್ನು ತಡೆದು ಎಲ್ಲೆಯನ್ನು ಸ್ಥಿರಪಡಿಸುವುದಷ್ಟೇ ತಮ್ಮ ಗುರಿಯೆಂಬುದು ಆ ಪಕ್ಷದವರ ವಾದ. ನಗರದವರ ಶಂಕೆ ಬೇರೆ: ಇಂದು ಎಲ್ಲೆಯೆಂದವರು ನಾಳೆ ತೆರಿಗೆಯ ಅಧಿಕಾರವನ್ನೂ ಪಡೆಯುವರು, ಆಗ ಹೊರಗಣ ಊರುಗಳ ಆಸ್ತಿಯೆಲ್ಲ ಆ ಗೋಡೆಯೊಳಗೆ ಉಳಿದು, ಕೌಂಟಿಯ ಸಾಮಾನ್ಯ ನಿಧಿಯು ಬತ್ತಿಹೋಗುವುದು. ಈ ಶಂಕೆಯು ನಿರಾಧಾರವೆನ್ನುವಂತಿಲ್ಲ. ಬೇಲಿ ಹಾಕುವವನು ಬೆಳೆಯನ್ನು ಕೊಯ್ಯುವ ಯೋಚನೆಯಿಲ್ಲದೆ ಹಾಕುವುದುಂಟೆ?

ಆಗ ಮೆಂಫಿಸಿನ ಶಾಲಾಸಭೆಯು ಯಾರೂ ನಿರೀಕ್ಷಿಸದ ಉಪಾಯವನ್ನು ಹೂಡಿತು. ಸದಸ್ಯರಾದ ಮಾರ್ಟೇವಿಯಸ್ ಜೋನ್ಸರು ಮುಂದಿಟ್ಟ ಯೋಜನೆಯಂತೆ, ೨೦೧೦ನೆಯ ಡಿಸೆಂಬರ್ ೨೦ರಂದು ಐದಕ್ಕೆ ನಾಲ್ಕು ಮತಗಳಿಂದ ಅದು ತನ್ನ ಸನ್ನದನ್ನೇ ಒಪ್ಪಿಸಿಬಿಡಲು ನಿರ್ಣಯಿಸಿತು. ನಗರಮಂಡಲವೆಂಬುದು ಇಲ್ಲವಾದರೆ ಅದರ ಮಕ್ಕಳೆಲ್ಲರೂ ಕಾನೂನಿನ ಪ್ರಕಾರ ಕೌಂಟಿಯ ಮಂಡಲಕ್ಕೆ ಬಂದು ಸೇರತಕ್ಕವರು. ಧರ್ಮಶಾಸ್ತ್ರದಲ್ಲಿ ವಿಭಕ್ತರಾದ ಸಹೋದರರು ಮರಳಿ ಧನವನ್ನು ಕೂಡಿಸಿಕೊಂಡು ಬಾಳುವುದನ್ನು ಸಂಸೃಷ್ಟಿಯೆನ್ನುತ್ತಾರೆ. ಅದಕ್ಕೆ ಉಭಯರ ಸಮ್ಮತಿ ಬೇಕು. ಇಲ್ಲಿಯಾದರೋ ಒಬ್ಬ ತಮ್ಮನು ತನ್ನ ಮನೆಯ ಬಾಗಿಲನ್ನು ಮುಚ್ಚಿ, ಮಕ್ಕಳನ್ನು ಕರೆದುಕೊಂಡು, ಅಣ್ಣನ ಜಗುಲಿಯ ಮೇಲೆ ಬಂದು ಕುಳಿತಂತಾಯಿತು. ಇದರ ಯುಕ್ತಾಯುಕ್ತತೆಯನ್ನು ಕುರಿತು ನಗರದವರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತು. ತಮ್ಮ ಜನರು ಕಷ್ಟಪಟ್ಟು ಪಡೆದ ಆಡಳಿತದ ಅಧಿಕಾರವನ್ನು ಹೀಗೆ ಕೈಬಿಡುವುದೆ ಎಂದು ಕೇಳಿದವರು ಕೆಲವರು. ಬರಿಯ ಅಧಿಕಾರದಿಂದ ಶಾಲೆಯ ಚಾವಣಿಯು ದುರಸ್ತಾಗುವುದೆ ಎಂದು ಮರುನುಡಿದವರು ಕೆಲವರು. ೨೦೧೧ನೆಯ ಮಾರ್ಚ್ ೮ರ ಜನಮತಗಣನೆಯಲ್ಲಿ ಮತ ಕೊಟ್ಟ ನಗರವಾಸಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರು ವಿಲೀನಕ್ಕೆ ಒಪ್ಪಿದರು. ಹೊರಗಣ ಊರಿನವರಿಗೆ ಈ ಗಣನೆಯಲ್ಲಿ ಮತವಿರಲಿಲ್ಲ. ಅವರ ಅಸಮಾಧಾನಕ್ಕೆ ಇದೊಂದು ನ್ಯಾಯವಾದ ಕಾರಣ.

ಅಷ್ಟರಲ್ಲಿ, ಅದೇ ಫೆಬ್ರವರಿಯಲ್ಲಿ, ರಾಜ್ಯದ ಶಾಸನಸಭೆಯು ನಾರಿಸ್–ಟಾಡ್ ಶಾಸನವೆಂಬುದನ್ನು ಮಾಡಿತು. ಅದನ್ನು ತಂದ ಇಬ್ಬರು ಸದಸ್ಯರೂ ಹೊರಗಣ ಊರಾದ ಕಾಲಿಯರ್‌ವಿಲ್ಲಿನವರು. ಆ ಶಾಸನದ ಮುಖವು ವಿಲೀನದ ಕಡೆಗಿದ್ದರೂ ದೃಷ್ಟಿಯು ವಿಭಾಗದ ಕಡೆಗಿದ್ದಿತು. ೨೧ ಮಂದಿಯ ಸಮಿತಿಯು ಯೋಜನೆಯನ್ನು ಸಿದ್ಧಪಡಿಸಬೇಕು, ವಿಲೀನವು ೨೦೧೩ರವರೆಗೆ ಮುಂದೆ ಹೋಗಬೇಕು ಎಂಬಿವು ಅದರ ಪೂರ್ವಭಾಗ. ವಿಲೀನವು ಪೂರ್ತಿಯಾದೊಡನೆ ಶೆಲ್ಬಿ ಕೌಂಟಿಯಲ್ಲಿ ಹೊಸ ಮಂಡಲಗಳನ್ನು ಸ್ಥಾಪಿಸಲು ಇದ್ದ ನಿಷೇಧವು ತೊಲಗುವುದೆಂಬುದು ಉತ್ತರಭಾಗ. ಪುರಸಭೆಗಳು ಹೊಸದಾಗಿ ಶಾಲಾಮಂಡಲಗಳನ್ನು ಮಾಡಕೂಡದೆಂದು ೧೯೯೮ರಲ್ಲಿ ಅದೇ ರಾಜ್ಯವು ವಿಧಿಸಿದ್ದಿತು. ಕೂಡುವ ವಿಧಿಯ ಬಾಲದಲ್ಲಿಯೇ ಒಡೆಯುವ ವಿಧಿಯನ್ನು ಕಟ್ಟಿ ಕಳುಹಿಸಿದ ಶಾಸನಗಳು ಲೋಕದಲ್ಲಿ ವಿರಳವೆಂದೇ ಹೇಳಬೇಕು.

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳುವೆನು. ಒಕ್ಕೂಟದ ನ್ಯಾಯಾಧೀಶರಾದ ಹಾರ್ಡಿ ಮೇಸರು ೨೦೧೧ರ ಆಗಸ್ಟಿನಲ್ಲಿ ವಿಲೀನವನ್ನು ಎತ್ತಿಹಿಡಿದರು. ೨೩ ಸದಸ್ಯರ ಕೂಡುಸಭೆಯು ಏರ್ಪಟ್ಟಿತು. ೨೦೧೨ರ ಆಗಸ್ಟಿನಲ್ಲಿ ಆರ್ಲಿಂಗ್ಟನ್, ಬಾರ್ಟ್‌ಲೆಟ್, ಕಾಲಿಯರ್‌ವಿಲ್, ಜರ್ಮನ್‌ಟೌನ್, ಲೇಕ್‌ಲ್ಯಾಂಡ್, ಮಿಲಿಂಗ್ಟನ್ ಎಂಬ ಆರು ಊರುಗಳು ಬೇರೆಯಾಗಲು ಮತವಿತ್ತುವು. ಆ ವರ್ಷದ ನವೆಂಬರಿನಲ್ಲಿ, ಒಂದೇ ಕೌಂಟಿಗೆ ಅನ್ವಯಿಸುವಂತೆ ರಚಿತವಾದ ಶಾಸನವು ರಾಜ್ಯಘಟನೆಗೆ ವಿರುದ್ಧವೆಂದು ಮೇಸರು ಆ ಮತಗಣನೆಯನ್ನು ಶೂನ್ಯಗೊಳಿಸಿದರು. ಶಾಸನಸಭೆಯು ತಡಮಾಡಲಿಲ್ಲ; ೨೦೧೩ರಲ್ಲಿ ಇಡೀ ರಾಜ್ಯಕ್ಕೆ ಸಲ್ಲುವಂತೆ ನಿಷೇಧವನ್ನು ತೆಗೆದುಹಾಕಿತು. ಆ ವರ್ಷದ ಜುಲೈ ೧ರಂದು ವಿಲೀನವಾಯಿತು; ಅದೇ ತಿಂಗಳ ೧೬ರಂದು ಆರು ಊರುಗಳೂ ಮರಳಿ ವಿಭಾಗಕ್ಕೆ ಮತವಿತ್ತುವು. ೨೦೧೪ರ ಆಗಸ್ಟಿನಲ್ಲಿ ಆರು ಹೊಸ ಮಂಡಲಗಳ ಶಾಲೆಗಳು ತೆರೆದುವು. ಸುಮಾರು ಒಂದೂವರೆ ಲಕ್ಷ ಮಕ್ಕಳ ಕೂಡುಕುಟುಂಬವು ಬಾಳಿದ್ದು ಒಂದೇ ಒಂದು ವರ್ಷ.

ಈ ವಿಭಾಗದಲ್ಲಿ ಪಾಲಿಗೆ ಬಂದ ವಸ್ತುಗಳಾವುವು ಎಂಬುದು ವಿಚಾರಾರ್ಹವಾದ ಪ್ರಶ್ನೆ. ದಾಯವಿಭಾಗವನ್ನು ಕುರಿತು ಕಲ್ಯಾಣದ ವಿಜ್ಞಾನೇಶ್ವರನಷ್ಟು ಸೂಕ್ಷ್ಮವಾಗಿ ವಿಚಾರಿಸಿದವರು ಕಡಿಮೆ. ನಾವು ಕನ್ನಡಿಗರು ಆ ಕಣ್ಣಿನಿಂದ ಇದನ್ನು ನೋಡಿದರೆ ಕೆಲವು ಅಂಶಗಳು ಸ್ಫುಟವಾಗುತ್ತವೆ. ಸ್ಮೃತಿಯ ಮೊದಲ ನಿಯಮವೆಂದರೆ ಧನದೊಡನೆ ಋಣವನ್ನೂ ಹಂಚಿಕೊಳ್ಳಬೇಕೆಂಬುದು. ಶೆಲ್ಬಿಯಲ್ಲಿ ಋಣವೆಂದರೆ ನಿವೃತ್ತರಾದ ಉಪಾಧ್ಯಾಯರ ಮತ್ತು ನೌಕರರ ಆರೋಗ್ಯಾದಿ ಸೌಲಭ್ಯಗಳಿಗಾಗಿ ಮುಂದೆ ಕೊಡಬೇಕಾದ ಹಣ. ಬಿಟ್ಟುಹೋಗುವವರು ಕಟ್ಟಡಗಳನ್ನು ಕೊಂಡುಹೋಗಿ ಋಣವನ್ನು ಹಳೆಯ ಮನೆಯಲ್ಲಿಯೇ ಬಿಟ್ಟುಹೋಗುವರೆಂಬುದು ಉಳಿದವರ ಆಕ್ಷೇಪ. ‘ಕಟ್ಟಡಗಳನ್ನು ಕಟ್ಟಿದ್ದು ನಮ್ಮ ತೆರಿಗೆಯಿಂದ, ನಮ್ಮ ಮಕ್ಕಳು ಓದುವ ಶಾಲೆಯನ್ನು ನಾವೇ ಎರಡನೆಯ ಸಲ ಕೊಳ್ಳುವುದೆ?’ ಎಂಬುದು ಹೋಗುವವರ ಪ್ರತ್ಯಾಕ್ಷೇಪ. ‘ಆ ತೆರಿಗೆಯನ್ನು ಕೌಂಟಿಯವರೆಲ್ಲರೂ ಕೊಟ್ಟರು, ಮೆಂಫಿಸಿನವರೂ ಸಹ’ ಎಂಬುದು ಅದಕ್ಕೆ ಉತ್ತರ. ಈ ಉತ್ತರವು ನನಗೆ ಬಲವಾದುದಾಗಿ ಕಾಣುತ್ತದೆ. ಕೊನೆಗೆ ಆದ ಒಪ್ಪಂದದಲ್ಲಿ ಆರು ಊರುಗಳೂ ಹನ್ನೆರಡು ವರ್ಷಗಳ ಕಾಲ ವರ್ಷಕ್ಕಿಷ್ಟೆಂದು ಹಳೆಯ ಮಂಡಲಕ್ಕೆ ಕೊಡಲೊಪ್ಪಿದುವು. ಕಟ್ಟಡದ ಬೆಲೆಯೆಂದು ಹೇಳಿದರೆ ಒಂದು ಪಕ್ಷಕ್ಕೆ ಅವಮಾನ, ಉಚಿತವೆಂದು ಹೇಳಿದರೆ ಇನ್ನೊಂದು ಪಕ್ಷಕ್ಕೆ ನಷ್ಟ. ಆದುದರಿಂದ ಆ ಹಣವನ್ನು ನಿವೃತ್ತರ ಋಣದ ಲೆಕ್ಕಕ್ಕೆ ಬರೆದರು. ವಿಭಾಗದಿಂದ ವರ್ಣಭೇದವು ಮರಳುವುದೆಂದು ಕೌಂಟಿಯ ಆಡಳಿತಸಭೆಯು ಹೂಡಿದ್ದ ದಾವೆಯೂ ಈ ಒಪ್ಪಂದದೊಡನೆ ಮುಗಿಯಿತು. ಹಣದ ಪ್ರಶ್ನೆಯು ತೀರಿದೊಡನೆ ನ್ಯಾಯದ ಪ್ರಶ್ನೆಯೂ ಮೌನವಾದದ್ದನ್ನು ವಾಚಕರು ಗಮನಿಸಬೇಕು. ವರ್ಣಭೇದದ ವಿಷಯದಲ್ಲಿ ಯಾವ ನ್ಯಾಯಾಧೀಶರೂ ಈ ವಿಭಾಗವನ್ನು ಸರಿಯೆಂದಾಗಲಿ ತಪ್ಪೆಂದಾಗಲಿ ನಿರ್ಣಯಿಸಲೇ ಇಲ್ಲ.

‘ತಮ್ಮ ಊರಿನ ಶಾಲೆಯನ್ನು ತಾವೇ ನಡೆಸಿಕೊಳ್ಳುವುದರಲ್ಲಿ ದೋಷವೇನು?’ ಎಂದು ಪೂರ್ವಪಕ್ಷಿಯು ಕೇಳಬಹುದು. ದೋಷವೇನೂ ಇಲ್ಲ. ಒಂದೂವರೆ ಲಕ್ಷ ಮಕ್ಕಳ ಮಂಡಲದಲ್ಲಿ ತಾಯಿಯೊಬ್ಬಳ ಮೊರೆಯು ಶಾಲಾಸಭೆಯ ಕಿವಿಗೆ ಬೀಳುವುದು ದುರ್ಲಭ. ಎಂಟು ಸಾವಿರ ಮಕ್ಕಳ ಮಂಡಲದಲ್ಲಿ ಅದು ಸುಲಭ. ಹೊರಗಣ ಊರಿನವರು ತಮ್ಮ ಮೇಲೆ ತಾವೇ ಅರ್ಧ ಸೆಂಟಿನ ಮಾರಾಟತೆರಿಗೆಯನ್ನು ಹೆಚ್ಚಾಗಿ ಹಾಕಿಕೊಂಡರೆಂಬುದೂ ಸ್ಮರಣೀಯ; ಬರಿಯ ಲೋಭವೇ ಕಾರಣವಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಕೌಂಟಿಯ ಸಾಮಾನ್ಯ ತೆರಿಗೆಯೂ ಮೊದಲಿನಂತೆ ಹಾಜರಿಗೆ ತಕ್ಕಂತೆ ಹಂಚಲ್ಪಡುತ್ತಲಿದೆ. ಮೆಂಫಿಸಿನವರು ಹೆದರಿದ್ದ ದೊಡ್ಡ ಅನರ್ಥವು ಈ ನಿಯಮದಿಂದ ತಪ್ಪಿತು. ನಗರವಾಸಿಗಳು ಎರಡು ಸಲ ತೆರುವುದೂ ವಿಲೀನದೊಡನೆ ನಿಂತಿತು. ಇಷ್ಟರಮಟ್ಟಿಗೆ ಆ ವಿಲಕ್ಷಣವಾದ ಉಪಾಯವು ಫಲಿಸಿತೆಂದೇ ಹೇಳಬೇಕು. ಆದರೆ ಮೇಲಿನ ಪದರದ ಹಣವು, ಎಂದರೆ ಊರೂರು ತನಗಾಗಿ ಹೆಚ್ಚಾಗಿ ಎತ್ತಿಕೊಳ್ಳುವ ಭಾಗವು, ಎಜ್‌ವುಡ್ಡಿನ ಲೆಕ್ಕದಂತೆಯೇ ನಡೆಯುತ್ತದೆ: ಅಂಗಡಿಯಿದ್ದ ಊರಿಗೆ ಅರ್ಧ ಸೆಂಟಿನಿಂದ ಬಹಳ ಬರುತ್ತದೆ, ಅಂಗಡಿಯಿಲ್ಲದ ಊರಿಗೆ ಅಷ್ಟು ಬರುವುದಿಲ್ಲ. ಆಡಳಿತದ ಎಲ್ಲೆಯೂ ತೆರಿಗೆಯ ಎಲ್ಲೆಯೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಮೊದಲನೆಯದನ್ನು ಕಿರಿದಾಗಿಯೂ ಎರಡನೆಯದನ್ನು ಹಿರಿದಾಗಿಯೂ ಇಡುವುದೇ ಉಚಿತವೆಂದು ನನ್ನ ಮತ.

ಇನ್ನು ಅವಿಭಾಜ್ಯವಾದ ವಸ್ತುವಿನ ಮಾತು. ಬಾವಿಯ ನೀರನ್ನು ಬೆಲೆಕಟ್ಟಿ ಹಂಚಕೂಡದು, ಸರದಿಯಂತೆ ಬಳಸಬೇಕೆಂದು ಮಿತಾಕ್ಷರಾ ಹೇಳುತ್ತದೆ. ಶೆಲ್ಬಿಯಲ್ಲಿ ಇಂತಹ ಬಾವಿಗಳು ಮೂರು. ಜರ್ಮನ್‌ಟೌನ್ ಊರಿನೊಳಗಿನ ಮೂರು ಶಾಲೆಗಳು, ಪ್ರಾಥಮಿಕ, ಮಾಧ್ಯಮಿಕ, ಪ್ರೌಢ, ಮೂರೂ ಆ ಊರಿನ ಹೆಸರನ್ನೇ ಹೊತ್ತವು. ಆದರೆ ಅಲ್ಲಿ ಓದುವವರಲ್ಲಿ ಹೆಚ್ಚಿನವರು ಊರಿನ ಎಲ್ಲೆಯ ಹೊರಗಿನಿಂದ ಬರುವ ಮಕ್ಕಳು. ಅವುಗಳನ್ನು ಊರಿಗೆ ಕೊಟ್ಟರೆ ಮಕ್ಕಳಿಗೆ ನೆಲೆಯಿಲ್ಲ. ಕೊಡದಿದ್ದರೆ ತನ್ನ ಹೆಸರಿನ ಶಾಲೆಯಲ್ಲಿಯೇ ಊರಿಗೆ ಅಧಿಕಾರವಿಲ್ಲ. ೨೦೧೪ರಲ್ಲಿ ಅವು ಹಳೆಯ ಮಂಡಲದಲ್ಲಿಯೇ ಉಳಿದುವು. ಎಂಟು ವರ್ಷಗಳ ಮೇಲೆ, ೨೦೨೨ರಲ್ಲಿ, ಶಾಸನಸಭೆಯು ಮಧ್ಯೆ ಪ್ರವೇಶಿಸಿ, ಒಂದು ಮಂಡಲವು ಇಂತಹ ಇನ್ನೊಂದು ಮಂಡಲದ ಎಲ್ಲೆಯೊಳಗೆ ಶಾಲೆ ನಡೆಸಕೂಡದೆಂದು ವಿಧಿಸಿತು. ಅಷ್ಟರಲ್ಲಿ ಮೆಂಫಿಸ್–ಶೆಲ್ಬಿ ಕೌಂಟಿ ಶಾಲೆಗಳೆಂದು ಹೆಸರು ಬದಲಾಯಿಸಿಕೊಂಡಿದ್ದ ಹಳೆಯ ಮಂಡಲವು, ಆ ವರ್ಷದ ಕೊನೆಯಲ್ಲಿ ಆದ ಒಪ್ಪಂದದಂತೆ, ಆ ಶಾಲೆಗಳಿಂದ ಕೆಲವು ವರ್ಷಗಳ ಅವಧಿಯಲ್ಲಿ ಹಿಂದೆ ಸರಿಯಲು ಒಪ್ಪಿತು. ಎಲ್ಲೆಯ ಹೊರಗಿನಿಂದ ಬರುವ ಮಕ್ಕಳಿಗೆ ಬೇರೆ ಕಡೆ ಶಾಲೆಯನ್ನು ಒದಗಿಸುವ ಭಾರವು ಆ ಮಂಡಲದ ಮೇಲೆಯೇ ಬಿದ್ದಿತು.